ಬಾಸ್ಕಿನ್ ಮನೆಯವರು

ಕೋರ್ಟಿನ ಹಿಂದಿನ ಪೆಕನ್ ಮರದ ಕೆಳಗೆ ಕಾರು ನಿಲ್ಲಿಸಿದ ಮೇಲೂ ಆರ್ವೆಲ್ಲಾ ಇಳಿಯಲಿಲ್ಲ. ಪಕ್ಕದ ಸೀಟಿನಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಬೂದು ಬಣ್ಣದ ಟೀ ಶರ್ಟು ಕೂತಿತ್ತು. ನೋಡಬಾರದು ಅಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಶರ್ಟಿನಲ್ಲಿ ಹೆಸರಿಡುವಂಥದ್ದೇನೂ ಇರಲಿಲ್ಲ. ಒಳ್ಳೆಯ ಹತ್ತಿಯ ಬಟ್ಟೆ, ಅಳತೆಯೂ ಸರಿ. ಬೆನ್ನಿನ ತುಂಬ ಒಂದು ಓಕ್ ಮರ, ಮರದ ಬುಡದಲ್ಲಿ ಐಸಮ್ ಬಾಸ್ಕಿನ್, ಸಿಲ್ವಿ ಬಾಸ್ಕಿನ್ ಎಂದು ಬರಹ, ನಾಲ್ಕು ಕೊಂಬೆಗಳ ಮೇಲೆ ಅವರ ನಾಲ್ಕು ಮಕ್ಕಳ ಹೆಸರು. ಆ ಮರ ಬರೆದುಕೊಟ್ಟವಳು ಆರ್ವೆಲ್ಲಾಳೇ. ಆ ಹೆಸರುಗಳನ್ನು ಒಂದೊಂದಾಗಿ ಧೂಳು ಕೊಡವಿ ಎತ್ತಿ ತಂದವಳೂ ಅವಳೇ. ಆದರೆ ನಾಳೆ ಬಾಸ್ಕಿನ್ ಕುಟುಂಬದ ಕೂಟದಲ್ಲಿ ಲೈಜನ ಕವಲಿನವರು ಕೆಂಪು ತೊಡುತ್ತಾರೆ, ಡಾರ್ಕಸಳ ಕವಲಿನವರು ಹಳದಿ, ವಾಷನವರು ನೀಲಿ, ಪಿಂಕಿಯವರು ಹಸಿರು. ಮದುವೆಯಾಗಿ ಬಂದವರಿಗೆಲ್ಲ ಬೂದು. ಫೋಟೋ ತೆಗೆಯುವಾಗಲೂ ಅಷ್ಟೆ. ಬಣ್ಣದವರು ಚರ್ಚಿನ ಮೆಟ್ಟಿಲ ಮೇಲೆ, ಬೂದಿನವರು ಎರಡೂ ಕಡೆಯ ಅಂಚಿನಲ್ಲಿ, ಮುಂದೆ ಯಾರಾದರೂ ಕಟ್ಟು ಹಾಕಿಸುವಾಗ ಕತ್ತರಿಸಿದರೂ ನಷ್ಟವಾಗದ ಹಾಗೆ.

ಗಂಡ ಡೆವಿಟ್ ಬದುಕಿದ್ದಾಗ ಇದೊಂದು ತಮಾಷೆಯಾಗಿತ್ತು. ಅವನು ತನ್ನ ಕೆಂಪು ಶರ್ಟಿನಲ್ಲಿ ಮೆಟ್ಟಿಲಿನಿಂದ ಇಳಿದು ಬಂದು, "ಸ್ವಲ್ಪ ದೂರ ನಿಂತ್ಕೊ ಮಾರಾಯ್ತಿ, ನಿನ್ನ ಬಣ್ಣ ನಂಗೆ ಮೆತ್ಕೊಳುತ್ತೆ" ಅನ್ನುತ್ತಲೇ ಹೆಗಲಿಗೆ ಹೆಗಲು ಉಜ್ಜುತ್ತಿದ್ದ. ಫೋಟೋದವನು ಬೈದರೂ ಅಲ್ಲಾಡುತ್ತಿರಲಿಲ್ಲ. ಹಾಗಾಗಿ ಬಾಸ್ಕಿನ್ನರ ಎಲ್ಲ ಫೋಟೋಗಳಲ್ಲೂ ಬೂದಿನವರ ಸಾಲಿನಲ್ಲಿ ಒಬ್ಬ ಕೆಂಪು ಮನುಷ್ಯ ಹಲ್ಲು ಕಿರಿದು ನಿಂತಿರುತ್ತಿದ್ದ. ಆ ಮನುಷ್ಯ ಹೋಗಿ ಎರಡು ಬೇಸಿಗೆ ಕಳೆದವು. ಮಕ್ಕಳಾಗಿರಲಿಲ್ಲ. ಯಾವ ಕೊಂಬೆಯ ಯಾವ ಎಲೆಯೂ ಈಗ ಅವಳ ಕಡೆಗೆ ಚಾಚಿಕೊಂಡಿರಲಿಲ್ಲ. ಹಾಗಾದರೆ ತಾನು ಈ ಮನೆಗೆ ಇನ್ನು ಏನಾಗಬೇಕು? ಗಂಡ ಸತ್ತ ಮೇಲೆ ಗಂಡನ ಮುತ್ತಾತಂದಿರು ಯಾರಿಗೆ ಸೇರುತ್ತಾರೆ? ಹೋದ ವಾರ ಡೆವಿಟನ ಅಕ್ಕ ಒಜೆಲ್ಲಾ ಫೋನು ಮಾಡಿ, ಬಿಸಿಲು, ಸಕ್ಕರೆ ಕಾಯಿಲೆ, ಪಾದ್ರಿಯ ಹೊಸ ಕಾರು ಎಲ್ಲ ಮುಗಿಸಿ, ಕೊನೆಗೆ ಬಹಳ ಮೃದುವಾಗಿ ಹೇಳಿದ್ದಳು: "ನೋಡು, ನೀನು ಪ್ರತಿ ಸಲಾನೂ ಬರ್ಲೇಬೇಕು ಅಂತೇನೂ ನಾವು ಅಂದ್ಕೊಳಲ್ಲ. ನಿಂಗೂ ನಿನ್ನ ಕೆಲಸ ಇರುತ್ತೆ. ಆ ಇತಿಹಾಸದ್ದೊಂದು ಮುಗ್ಸಿ ಕೊಟ್ಬಿಡು, ಮುಂದಿನ ಸಲದಿಂದ ನಮ್ಮವರೇ ಯಾರಾದ್ರೂ ನೋಡ್ಕೋತಾರೆ."

ನಮ್ಮವರೇ ಯಾರಾದರೂ. ಆರ್ವೆಲ್ಲಾ ಅವತ್ತು, "ಆಗಲಿ ಅತ್ತಿಗೆ" ಎಂದು ಫೋನಿಟ್ಟು, ತೊಳೆದ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆದಿದ್ದಳು. ಕೋಪ ಬಂದಿತ್ತೋ ಅಳು ಬಂದಿತ್ತೋ ಅವಳಿಗೇ ಗೊತ್ತಾಗಿರಲಿಲ್ಲ. ಒಜೆಲ್ಲಾ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲವಲ್ಲ. ಇಷ್ಟು ವರ್ಷಗಳಲ್ಲಿ ಆ ಕೂಟಕ್ಕೆ ಆಲೂಗಡ್ಡೆ ಸಾಲಡ್ ಮಾಡಿಕೊಂಡು ಬಾ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ಅದನ್ನು ಮಾಡುವ ಹಕ್ಕು ಎಲ್ಲರಿಗೂ ಸಿಗುವಂಥದ್ದಲ್ಲ, ನಂಬಿಕೆಯ ಕೈಗೆ ಮಾತ್ರ. ಆರ್ವೆಲ್ಲಾಳ ಪಾಲಿಗೆ ಯಾವಾಗಲೂ ಕಾಗದದ ತಟ್ಟೆ ಮತ್ತು ಐಸು. ಈಗಲೂ ಕಾರಿನ ಡಿಕ್ಕಿಯಲ್ಲಿ ತಟ್ಟೆಗಳ ಕಟ್ಟು ಇತ್ತು. ಐಸು ಸಂಜೆ ಹೋಗುವಾಗ ಕೊಳ್ಳಬೇಕು. ಇಷ್ಟೆಲ್ಲ ಯೋಚಿಸಿ, ಯೋಚಿಸಿದ್ದಕ್ಕೆ ತನ್ನನ್ನೇ ಬೈದುಕೊಂಡು, ಕಾರಿನ ಬಾಗಿಲನ್ನು ಬೇಕಾದದ್ದಕ್ಕಿಂತ ಜೋರಾಗಿ ಹಾಕಿ ಅವಳು ಕೋರ್ಟಿನ ನೆಲಮಾಳಿಗೆಗೆ ಇಳಿದಳು.

ದಫ್ತರದ ಕೋಣೆಯ ಮಿಸೆಸ್ ಟಲಿ ಕನ್ನಡಕದ ಮೇಲಿಂದ ನೋಡಿ, "ಬನ್ನಿ ಬನ್ನಿ, ಇವತ್ತೂ ಸತ್ತೋರನ್ನ ಮಾತಾಡ್ಸೋಕೆ ಬಂದ್ರಾ?" ಅಂದಳು.

"ಬದುಕಿರೋರಿಗಿಂತ ಅವರೇ ವಾಸಿ ಕಣ್ರೀ. ಮರುಮಾತಾಡಲ್ಲ."

"ನಾಳೆ ನಿಮ್ಮೋರ ಊಟ ಅಲ್ವಾ? ಇವತ್ತು ರಾತ್ರೀನೇ ನಮ್ಮನೆ ತನಕ ಮೀನು ಕರಿದ ವಾಸನೆ ಬರುತ್ತೆ. ಹೋದ ಸಲ ನಮ್ಮ ನಾಯಿ ಎರಡು ದಿನ ಊಟ ಬಿಟ್ಟಿತ್ತು, ಅದೇ ಬೇಕು ಅಂತ."

ಬಂದವರು ಸಹಿ ಹಾಕುವ ಪುಸ್ತಕದಲ್ಲಿ ಕೊನೆಯ ಅಂಕಣ ಒಂದಿತ್ತು: ಹುಡುಕುತ್ತಿರುವ ಮನೆತನಕ್ಕೆ ನೀವು ಏನಾಗಬೇಕು. ಮೊದಲು ಅವಳು ಅಲ್ಲಿ ಹೆಂಡತಿ ಎಂದು ಬರೆಯುತ್ತಿದ್ದಳು. ಆಮೇಲೆ ವಿಧವೆ ಎಂದು. ಇವತ್ತು ಪೆನ್ನು ಅಲ್ಲಿಗೆ ಬಂದು ನಿಂತಿತು, ಖಾಲಿ ಬಿಟ್ಟು ಮುಚ್ಚಿದಳು. ಮಿಸೆಸ್ ಟಲಿ ಅದನ್ನು ನೋಡುವವಳೂ ಅಲ್ಲ. ಈ ಹುಡುಕಾಟ ಹಿಡಿದದ್ದಾದರೂ ಯಾಕೆ ಎಂದು ಡೆವಿಟ್ ಒಮ್ಮೆ ಕೇಳಿದ್ದ. ತನ್ನ ತವರಿನ ಕಡೆ ಹೋದರೆ ಅಜ್ಜಿಯ ಹೆಸರಿಗೇ ದಾರಿ ಮುಗಿದು ಬಿಡುತ್ತಿತ್ತು. ಅಮ್ಮ ಬೇಗ ಸತ್ತಳು, ಸಾಕಿದ ಚಿಕ್ಕಮ್ಮನಿಗೆ ಹಳೆಯದನ್ನು ಕೆದಕಿದರೆ ಮೈ ಉರಿಯುತ್ತಿತ್ತು. ಬಾಸ್ಕಿನ್ನರಿಗೆ ಮಾತ್ರ ಹಿಂದು ಮುಂದು ಎಲ್ಲ ಇತ್ತು, ಅಜ್ಜಂದಿರ ಸಾಲೇ ಇತ್ತು, ಬೇಡದಷ್ಟಿತ್ತು. ತನಗಿಲ್ಲದ್ದು ಗಂಡನ ಮನೆಯಲ್ಲಿ ಹೇರಳವಾಗಿ ಬಿದ್ದಿರುವಾಗ ಎತ್ತಿಕೊಳ್ಳಲು ಯಾರ ಅಪ್ಪಣೆ ಬೇಕು ಎಂದುಕೊಂಡಿದ್ದಳು. ಬೇಕಾಗಿತ್ತು ಅಂತ ಈಗ ಗೊತ್ತಾಗುತ್ತಿತ್ತು.

ನಾಳೆ ಊಟದ ನಡುವೆ ಮೈಕು ಹಿಡಿದು ಎರಡು ಮಾತು ಹೇಳುವುದಿತ್ತು, ಅದು ಅವಳ ಕೊನೆಯ ಸಲ. ಹಳಸಿದ್ದನ್ನೇ ಬಡಿಸುವ ಬದಲು ಏನಾದರೂ ಹೊಸತು ಸಿಕ್ಕೀತೇ ಎಂದು ಅವಳು ಗುಲಾಮಗಿರಿ ಕೊನೆಗಾಣಿಸಿದ ಯುದ್ಧ ಮುಗಿದ ಮರುವರ್ಷದ ಕೋರ್ಟಿನ ನಡಾವಳಿ ಪುಸ್ತಕವನ್ನು ಕೇಳಿದಳು. ಅದನ್ನು ಹಿಂದೆ ಒಂದೆರಡು ಸಲ ತಿರುವಿ ಹಾಕಿ, ಸೂಚಿಯಲ್ಲಿ ಬಾಸ್ಕಿನ್ ಇಲ್ಲವೆಂದು ಬಿಟ್ಟಿದ್ದಳು. ಎಂಥ ದಡ್ಡತನ. ಆ ಕಾಲದ ಪುಸ್ತಕಗಳಲ್ಲಿ ತಮ್ಮವರು ಬೇಕಿದ್ದರೆ ಬಿಳಿಯರ ಹೆಸರಿನ ಬಾಗಿಲಿನಿಂದಲೇ ಒಳಗೆ ಹೋಗಬೇಕು, ಇಷ್ಟು ವರ್ಷ ಊರಿಗೆಲ್ಲ ಅದನ್ನೇ ಹೇಳಿಕೊಟ್ಟವಳು ತಾನು. ಐಸಮನನ್ನು ಗುಲಾಮನಾಗಿ ಇಟ್ಟುಕೊಂಡಿದ್ದವನು ಪ್ರೂಯಿಟ್ ಎಂಬ ಧಣಿ. ಸೂಚಿಯಲ್ಲಿ ಪ್ರೂಯಿಟ್ ಹುಡುಕಿದಳು. ಇತ್ತು. ಬಂಧಮುಕ್ತರ ಅನಾಥ ಮಕ್ಕಳನ್ನು ಪ್ರೂಯಿಟನ ವಶಕ್ಕೆ ಕೊಡುವ ಅರ್ಜಿ, ಅದಕ್ಕೆ ತಕರಾರು. ತಕರಾರು ಮಾಡಿದವನು: ಕರಿಯ ಐಸಮ್, ತನ್ನನ್ನು ಬಾಸ್ಕಿನ್ ಎಂದು ಕರೆದುಕೊಳ್ಳುವವನು.

ಅವಳು ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡಳು. ಬಿಡುಗಡೆಯಾದ ಮಾರನೆಯ ವರ್ಷ ಹಳೆಯ ಧಣಿಗಳು ಕೋರ್ಟಿಗೆ ಹೋಗಿ, ತಂದೆತಾಯಿ ಇಲ್ಲದ ಮಕ್ಕಳನ್ನು ಕಸುಬು ಕಲಿಸುವ ನೆಪದಲ್ಲಿ ಇಪ್ಪತ್ತೊಂದು ವರ್ಷದ ತನಕ ಬರೆಸಿಕೊಳ್ಳುತ್ತಿದ್ದದ್ದು ಅವಳಿಗೆ ಗೊತ್ತಿದ್ದ ವಿಷಯವೇ. ಕಸುಬೆಂದರೆ ಅದೇ ಹತ್ತಿ, ಅದೇ ಹೊಲ. ಆದರೆ ಇಲ್ಲಿ ಬರೆದಿದ್ದ ಮಕ್ಕಳ ಹೆಸರು ಲೈಜ್, ಡಾರ್ಕಸ್, ವಾಷ್, ಪಿಂಕಿ. ಪ್ರೂಯಿಟನ ವಕೀಲ ಹೇಳುತ್ತಾನೆ, ಇವು ನಾಲ್ಕು ಬೇರೆ ಬೇರೆ ಹೆಂಗಸರ ಮಕ್ಕಳು, ಒಬ್ಬಳು ಸತ್ತಳು, ಉಳಿದವರನ್ನು ಯುದ್ಧ ಕಾಲದಲ್ಲಿ ಟೆಕ್ಸಾಸಿಗೆ ಸಾಗಿಸಲಾಯಿತು, ಇವುಗಳಿಗೆ ದಿಕ್ಕಿಲ್ಲ. ಐಸಮ್ ಬೈಬಲ್ಲಿನ ಮೇಲೆ ಕೈಯಿಟ್ಟು ಹೇಳುತ್ತಾನೆ, ನಾಲ್ಕೂ ನನ್ನ ಮಕ್ಕಳು. ಉತ್ತರದ ಸೈನ್ಯದ ಅಧಿಕಾರಿಯೊಬ್ಬ ಅವತ್ತು ಕೋರ್ಟಿನಲ್ಲಿ ಕೂತಿದ್ದನೆಂದೂ, ಆದ್ದರಿಂದ ಕರಿಯನ ಮಾತನ್ನು ಕೇಳಿಕೊಳ್ಳಲಾಯಿತೆಂದೂ ಗುಮಾಸ್ತ ಬೇಸರದಿಂದಲೇ ಬರೆದಂತಿತ್ತು. ಆಮೇಲೆ ನ್ಯಾಯಾಧೀಶ ಕೇಳುತ್ತಾನೆ: ನಿನ್ನ ವಯಸ್ಸೆಷ್ಟು? ಇಪ್ಪತ್ತನಾಲ್ಕು ಇರಬಹುದು ಸ್ವಾಮಿ. ಈ ಲೈಜನಿಗೆ? ಹದಿನಾಲ್ಕು ಸ್ವಾಮಿ. ಹಾಗಾದರೆ ಹತ್ತು ವರ್ಷಕ್ಕೇ ನೀನು ತಂದೆಯಾದೆಯಾ? ಅದಕ್ಕೆ ಐಸಮ್ ಕೊಟ್ಟ ಉತ್ತರವನ್ನು ಗುಮಾಸ್ತ ಹಾಗೆಯೇ ಬರೆದುಕೊಂಡಿದ್ದ: ನಾನು ಎಲ್ಲಾ ಕೆಲಸವನ್ನೂ ಬೇಗ ಶುರು ಮಾಡುವವನು ಸ್ವಾಮಿ.

ಅದರ ಕೆಳಗೆ, ಕೋರ್ಟಿನಲ್ಲಿ ನಗು, ಎಂದಿತ್ತು. ಆರ್ವೆಲ್ಲಾಗೂ ನಗು ಬಂದು, ತಡೆಯಲು ಹೋಗಿ, ಮೂಗಿನಿಂದ ವಿಚಿತ್ರವಾದ ಸದ್ದು ಹೊರಟಿತು. ಮಿಸೆಸ್ ಟಲಿ ತಲೆಯೆತ್ತಿ, "ಚೆನ್ನಾಗಿದೀರ ತಾನೆ?" ಅಂದಳು. ಆರ್ವೆಲ್ಲಾ ಕೈಯಾಡಿಸಿ ಕೆಮ್ಮಿದ ಹಾಗೆ ಮಾಡಿದಳು. ನಗು ಇಳಿದ ಮೇಲೆ ವಿಷಯ ಮೆಲ್ಲಗೆ ತಲೆಗೆ ಏರಿತು. ಐಸಮ್ ಸುಳ್ಳು ಹೇಳಿದ್ದ. ದೇವರ ಪುಸ್ತಕದ ಮೇಲೆ ಕೈಯಿಟ್ಟು, ಇಡೀ ಕೋರ್ಟಿಗೆ, ಹಸಿ ಸುಳ್ಳು. ತಾನು ಮಾಡಿದ ತಪ್ಪೂ ಆಗ ಕಾಣಿಸಿತು. ಹದಿನೆಂಟುನೂರ ಎಪ್ಪತ್ತರ ಜನಗಣತಿಯಲ್ಲಿ ಒಂದು ಮನೆಯೊಳಗೆ ಯಾರು ಯಾರು ಇದ್ದರೆಂದು ಬರೆದಿರುತ್ತಾರೆಯೇ ಹೊರತು ಯಾರು ಯಾರಿಗೆ ಏನಾಗಬೇಕೆಂದು ಬರೆದಿರುವುದಿಲ್ಲ. ಒಂದು ಗಂಡು, ಒಂದು ಹೆಣ್ಣು, ಕೆಳಗೆ ನಾಲ್ಕು ಚಿಕ್ಕ ಹೆಸರು ಕಂಡ ಕೂಡಲೇ ಅವಳು ಗೆರೆ ಎಳೆದು ಮರ ಮಾಡಿಬಿಟ್ಟಿದ್ದಳು. ವಯಸ್ಸಿನ ಲೆಕ್ಕ ಕೂಡುವುದಿಲ್ಲವೆಂದು ಅಂದೇ ಅನಿಸಿತ್ತು. ಆ ಕಾಲದ ವಯಸ್ಸೆಲ್ಲ ಅಂದಾಜಿನದು ಎಂದು ತನಗೇ ಸಮಾಧಾನ ಹೇಳಿಕೊಂಡಿದ್ದಳು. ಆ ತಪ್ಪು ಈಗ ಐದು ಬಣ್ಣಗಳಲ್ಲಿ ಅಚ್ಚಾಗಿ, ಒಗೆದರೂ ಹೋಗದ ಹಾಗೆ ಬಾಸ್ಕಿನ್ನರೆಲ್ಲರ ಬೆನ್ನೇರಲು ಸಿದ್ಧವಾಗಿತ್ತು.

ಆದರೆ ಮೊದಲು ಬಂದದ್ದು ಸಂತೋಷ, ಮತ್ತು ಅದು ಅಷ್ಟು ಮಡಿಯಾದ ಸಂತೋಷವೇನೂ ಆಗಿರಲಿಲ್ಲ. ಕೆಂಪೂ ಇಲ್ಲ, ಹಳದಿಯೂ ಇಲ್ಲ. ಒಬ್ಬರ ಮೈಯಲ್ಲೂ ಬಾಸ್ಕಿನ್ ರಕ್ತವಿಲ್ಲ. ಮೆಟ್ಟಿಲ ಮೇಲೆ ಎದೆಯುಬ್ಬಿಸಿ ನಿಲ್ಲುವ ಒಜೆಲ್ಲಾ, ಮಾತೆತ್ತಿದರೆ "ನಮ್ಮ ರಕ್ತದಲ್ಲೇ ಬಂದಿಲ್ಲ ಅದು" ಅನ್ನುವ ಒಜೆಲ್ಲಾ, ಅವಳಲ್ಲೂ ಇಲ್ಲ. ನಾಳೆ ಮೈಕಿನ ಮುಂದೆ ನಿಂತು, ಬಹಳ ವಿನಯದಿಂದ, ಒಂದು ಸಣ್ಣ ತಿದ್ದುಪಡಿ ಇದೆ ಎಂದು ಶುರುಮಾಡುವುದನ್ನು ಆರ್ವೆಲ್ಲಾ ನೋಡಿದಳು. ಒಜೆಲ್ಲಾಳ ಮುಖ ನೋಡಿದಳು, ಬಾಯಿಗಿಟ್ಟ ಚಮಚ ಅಲ್ಲೇ ನಿಂತದ್ದನ್ನು ನೋಡಿದಳು. ಹಾಲು ಕುಡಿದಷ್ಟು ಸಂತೋಷವಾಯಿತು. ನಲವತ್ತು ವರ್ಷದ ಹಿಂದೆ ಅತ್ತೆ ಮೊದಲ ಸಲ ಅಡುಗೆಮನೆಯಲ್ಲಿ ಬಂದವರಿಗೆ ಪರಿಚಯ ಮಾಡಿಕೊಡುತ್ತಾ, ಇದು ಡೆವಿಟ್ ತಂದದ್ದು, ಎಂದಿದ್ದಳು, ಸಂತೆಯಿಂದ ತಂದ ಕುಂಬಳಕಾಯಿಯನ್ನು ತೋರಿಸಿದ ಹಾಗೆ. ತಾಯಂದಿರ ದಿನ ಪಾದ್ರಿ ತಾಯಂದಿರೆಲ್ಲ ಎದ್ದು ನಿಲ್ಲಿ ಅನ್ನುತ್ತಿದ್ದ. ಎರಡೂ ಪಕ್ಕದ ಹೆಂಗಸರು ಎದ್ದಾಗ ಅವಳು ನಡುವೆ ಕೂತೇ ಇರುತ್ತಿದ್ದಳು, ಮುಂದೆ ನಿಂತವಳ ಲಂಗದ ಹೊಲಿಗೆ ನೋಡುತ್ತಾ. ಒಂದು ವರ್ಷ ಡೆವಿಟ್ ಸಟ್ಟನೆ ಎದ್ದು ನಿಂತುಬಿಟ್ಟಿದ್ದ. ಹೂ ಹಂಚುವ ಹುಡುಗಿ ತಬ್ಬಿಬ್ಬಾಗಿ ಅವನಿಗೇ ಒಂದು ಹೂ ಕೊಟ್ಟಳು. ಅವನದನ್ನು ಇವಳ ಮಡಿಲಿಗೆ ಹಾಕಿ, "ಸೊಂಟ ಹಿಡ್ಕೊಂಡಿತ್ತು, ಅದಕ್ಕೆದ್ದೆ" ಎಂದಿದ್ದ. ಅತ್ತೆ ಮನೆಗೆ ಬರುವ ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದಳು.

ಪುಟ ಇನ್ನೂ ಮುಗಿದಿರಲಿಲ್ಲ. ಅವಳು ಮತ್ತೆ ಓದಿದಳು. ಪ್ರೂಯಿಟನ ವಕೀಲ ಎದ್ದು ಸಿಲ್ವಿಯ ಕಡೆ ಬೆರಳು ತೋರಿಸಿ, ಈ ಹೆಂಗಸು ಒಂದನ್ನೂ ಹೆತ್ತವಳಲ್ಲ, ಪ್ರೂಯಿಟನ ಜಮೀನಿನಲ್ಲಿ ಎಲ್ಲರಿಗೂ ಗೊತ್ತಿರುವ ಮಾತು, ಎನ್ನುತ್ತಾನೆ. ನ್ಯಾಯಾಧೀಶ ಸಿಲ್ವಿಯನ್ನು ಕೇಳುತ್ತಾನೆ, ಇದು ನಿಜವೇ. ಅವಳು ಏನು ಹೇಳಿದಳೆಂದು ಗುಮಾಸ್ತ ಬರೆದಿಲ್ಲ. ಹೆಂಗಸು ಚಿಕ್ಕವಳನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡಳು, ಎಂದಷ್ಟೇ ಬರೆದಿದ್ದಾನೆ. ಮುಂದಿನ ಸಾಲಿನಲ್ಲಿ ತೀರ್ಪು: ಮಕ್ಕಳನ್ನು ಐಸಮನಿಗೆ ಒಪ್ಪಿಸಲಾಗಿದೆ. ಆರ್ವೆಲ್ಲಾ ಆ ಒಂದು ಸಾಲನ್ನು ಎಷ್ಟು ಹೊತ್ತು ನೋಡುತ್ತಾ ಕೂತಳೋ. ಆ ಕೋರ್ಟು ಇದೇ ಕೋರ್ಟು, ಈ ನೆಲಮಾಳಿಗೆಯ ಮೇಲೆಯೇ ಸಿಲ್ವಿ ನಿಂತದ್ದು. ಊರಿನ ಗಂಡಸರೆಲ್ಲ ತನ್ನ ಹೊಟ್ಟೆಯ ಬಗ್ಗೆ ಮಾತಾಡುವುದನ್ನು ಕೇಳಿಸಿಕೊಳ್ಳುತ್ತಾ, ಯಾರದೋ ಪಿಂಕಿಯನ್ನು ಎತ್ತಿಕೊಂಡಳು. ಆರ್ವೆಲ್ಲಾಗೆ ಅಳು ಬಂತು. ಅಳುವಿನ ಒಳಗೇ, ಸ್ವಲ್ಪ ಹೊತ್ತಿನ ಮುಂಚೆ ಕುಡಿದ ಹಾಲು ಒಡೆದ ಹಾಗಾಯಿತು. ಇವರಿಬ್ಬರು ಇಷ್ಟು ಕಷ್ಟಪಟ್ಟು ಕಟ್ಟಿದ್ದನ್ನು ಒಬ್ಬ ಮುದುಕಿಯ ಮುಖಕ್ಕೆ ಬೀಸಲು ತಾನು ಕಲ್ಲಿನ ಹಾಗೆ ಎತ್ತಿಕೊಂಡಿದ್ದಳು. ನಾಚಿಕೆಯಾಯಿತು. ಮಿಸೆಸ್ ಟಲಿಗೆ ಹೇಳಿ ಆ ಪುಟಗಳ ನಕಲು ಮಾಡಿಸಿಕೊಂಡು, ಮೂಗೊರೆಸಿಕೊಂಡು ಹೊರಬಂದಳು.

ಐಸು ಕೊಂಡು, ಜಾರ್ಜಿಯಾದ ಜುಲೈ ಬಿಸಿಲಿನಲ್ಲಿ ಅದು ಕರಗುವ ಮುಂಚೆ ಒಜೆಲ್ಲಾಳ ಮನೆ ಸೇರಬೇಕೆಂದು ಬೇಗ ಓಡಿಸಿದಳು. ದಾರಿಯುದ್ದಕ್ಕೂ ಒಜೆಲ್ಲಾಳ ಜೊತೆ ಜಗಳವಾಡಿದಳು, ಗೆದ್ದಳು, ಸೋತಳು, ಕ್ಷಮಿಸಿದಳು, ಮತ್ತೆ ಶುರುಮಾಡಿದಳು. ಹೇಳದೆ ಬಿಟ್ಟರೆ? ಮರ ಹೇಗಿದೆಯೋ ಹಾಗೆ ಇರಲಿ, ಯಾರಿಗೆ ನಷ್ಟ? ಆದರೆ ಹೇಳದಿದ್ದರೆ ಐಸಮನ ಆ ಮಾತೂ, ಸಿಲ್ವಿ ಎತ್ತಿಕೊಂಡದ್ದೂ ನೆಲಮಾಳಿಗೆಯಲ್ಲೇ ಉಳಿಯುತ್ತದೆ. ಹೇಳಿದರೆ, ಹೊರಗಿನವಳು ಬಂದು ನಮ್ಮ ಬುಡಕ್ಕೇ ಕೊಡಲಿ ಹಾಕಿದಳು ಅನ್ನುತ್ತಾರೆ, ಮತ್ತು ಆ ಮನೆಯ ಬಾಗಿಲು ಅಲ್ಲಿಗೆ ಮುಚ್ಚಿತು. ಆ ಬಾಗಿಲು ಮುಚ್ಚಿದರೆ ತನಗೆ ಬೇರೆ ಬಾಗಿಲಿಲ್ಲ. ಅಷ್ಟು ಸರಳವಾದ ಮಾತನ್ನು ತಾನು ಎರಡು ವರ್ಷದಿಂದ ಸುತ್ತಿ ಬಳಸಿ ಯೋಚಿಸುತ್ತಿದ್ದೆನಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು.

ಒಜೆಲ್ಲಾಳ ಹಿತ್ತಲಿನಲ್ಲಿ ದೊಡ್ಡ ಕಬ್ಬಿಣದ ಬಾಣಲೆಗೆ ಎಣ್ಣೆ ಸುರಿದಾಗಿತ್ತು. ಊರೂರಿನಿಂದ ಬಂದ ನೆಂಟರು ಮರದ ಕೆಳಗೆ ಕುರ್ಚಿ ಎಳೆದುಕೊಂಡು, ಎಲೆ ಎಸೆದು ಇಸ್ಪೀಟಾಡುತ್ತಾ ಒಬ್ಬರನ್ನೊಬ್ಬರು ಮೋಸಗಾರರೆಂದು ಬೈದುಕೊಳ್ಳುತ್ತಿದ್ದರು. ಒಜೆಲ್ಲಾ ಅಡುಗೆಮನೆಯಲ್ಲಿ ಒಬ್ಬಳೇ ಮೀನಿನ ತುಂಡುಗಳನ್ನು ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸುತ್ತಿದ್ದಳು. ಎಪ್ಪತ್ತು ದಾಟಿದ ಹೆಂಗಸು, ಮೊಣಕೈವರೆಗೆ ಹಿಟ್ಟು, ತಲೆಯ ಮೇಲೆ ಕೆಂಪು ವಸ್ತ್ರ.

"ಬಂದ್ಯಾ? ಐಸು ಅರ್ಧ ನೀರಾಗಿದೆ ನೋಡು. ಆಮೆ ಓಡ್ಸೋ ಹಾಗೆ ಓಡಿಸ್ತೀಯ."

"ಅತ್ತಿಗೆ, ಒಂದು ವಿಷಯ ಹೇಳ್ಬೇಕು."

"ಹೇಳು. ಕೈಗೆ ಕೆಲಸ ಇದೆ, ಕಿವಿಗಿಲ್ಲ."

ಆರ್ವೆಲ್ಲಾ ಚೀಲದಿಂದ ನಕಲು ತೆಗೆದು, ಮೇಜಿನ ಈ ಕಡೆ ನಿಂತುಕೊಂಡೇ ಹೇಳಿದಳು. ಹೇಗೆ ಶುರುಮಾಡಬೇಕೆಂದು ದಾರಿಯಲ್ಲಿ ಜೋಡಿಸಿಟ್ಟುಕೊಂಡದ್ದೆಲ್ಲ ಹಾರಿಹೋಗಿ, ನೇರವಾಗಿ ಬಾಯಿಗೆ ಬಂದದ್ದನ್ನೇ ಹೇಳಿದಳು. ನಾಲ್ವರೂ ಐಸಮನ ಮಕ್ಕಳಲ್ಲ. ಪ್ರೂಯಿಟನ ಕೈಯಿಂದ ಬಿಡಿಸಿಕೊಳ್ಳಲು ಅವನು ಹಾಗೆ ಪ್ರಮಾಣ ಮಾಡಿದ. ಮರ ಬರೆದದ್ದರಲ್ಲಿ ತಪ್ಪು ತನ್ನದು. ಒಜೆಲ್ಲಾಳ ಕೈ ಹಿಟ್ಟಿನೊಳಗೇ ನಿಂತಿತು. ಹೊರಗೆ ಯಾರೋ ಇಸ್ಪೀಟಿನ ಎಲೆಯನ್ನು ಮೇಜಿಗೆ ಬಡಿದು ಕೇಕೆ ಹಾಕಿದರು.

"ಯಾರ್ಯಾರಿಗೆ ಹೇಳಿದೀಯ ಇದನ್ನ?"

"ಯಾರಿಗೂ ಇಲ್ಲ."

"ನಂಗ್ಯಾಕೆ ಮೊದ್ಲು ಹೇಳ್ದೆ?"

ಆರ್ವೆಲ್ಲಾ ಸುಳ್ಳು ಹೇಳಬಹುದಾಗಿತ್ತು. "ನಾಳೆ ಮೈಕಲ್ಲಿ ಎಲ್ಲರ ಎದುರಿಗೆ ಹೇಳಿ, ನಿಮ್ಮ ಮುಖ ಹೆಂಗಾಗುತ್ತೆ ನೋಡ್ಬೇಕು ಅಂತಿದ್ದೆ. ದಾರೀಲಿ ಬರ್ತಾ ಬರ್ತಾ ಆ ಆಸೆ ಹೋಯ್ತು."

"ಪೂರ್ತಿ ಹೋಯ್ತಾ?"

"ಇನ್ನೂ ಚೂರು ಇದೆ."

ಒಜೆಲ್ಲಾ ಅವಳನ್ನು ದಿಟ್ಟಿಸಿ ನೋಡಿದಳು. ಅಷ್ಟು ವರ್ಷಗಳಲ್ಲಿ ಹಾಗೆ ನೋಡಿದ್ದು ಅದೇ ಮೊದಲಿರಬೇಕು. ಆಮೇಲೆ ಕುರ್ಚಿ ಎಳೆದು ಧಪ್ಪೆಂದು ಕೂತಳು. ಹಿಟ್ಟು ನೆಲಕ್ಕುದುರಿತು. "ನಮ್ಮಪ್ಪ ಸಾಯೋ ಮುಂಚೆ ನನ್ನ ಕೈ ಹಿಡ್ಕೊಂಡು, ಬಾಸ್ಕಿನ್ ಹೆಸ್ರು ಕಾಪಾಡು ಮಗಳೇ ಅಂದಿದ್ದ. ಈಗ ನೋಡಿದ್ರೆ ನಾವ್ಯಾರೋ ಏನೋ. ಲೈಜ್ ನಮ್ಮ ಮುತ್ತಾತ. ಅವನು ಯಾರ ಮಗ ಹಾಗಾದ್ರೆ? ಅದಾದ್ರೂ ಬರ್ದಿದಾರಾ, ಇಲ್ವಾ?"

"ತಾಯಿ ಹೆಸ್ರು ಇದೆ. ಹ್ಯಾನಾ ಅಂತ. ಟೆಕ್ಸಾಸ್‌ಗೆ ಕರ್ಕೊಂಡು ಹೋದ್ರಂತೆ, ಅಷ್ಟೇ."

"ಹ್ಯಾನಾ," ಅಂದಳು ಒಜೆಲ್ಲಾ. ಇನ್ನೊಮ್ಮೆ, ಮೆಲ್ಲಗೆ, ಯಾರನ್ನೋ ಎಬ್ಬಿಸುವ ಹಾಗೆ, "ಹ್ಯಾನಾ" ಅಂದಳು. ಎಪ್ಪತ್ತು ವರ್ಷ ಅವಳಿಗೆ ಆ ಹೆಸರಿನವಳೊಬ್ಬಳು ಇದ್ದಳೆಂದೇ ಗೊತ್ತಿರಲಿಲ್ಲ. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಹಿಟ್ಟು ಬಳಿದುಕೊಂಡಳು. ಆರ್ವೆಲ್ಲಾ ಒರೆಸಲೆಂದು ಕೈ ಚಾಚಿ, ಧೈರ್ಯ ಸಾಲದೆ, ಬಟ್ಟೆಯನ್ನು ಮೇಜಿನ ಮೇಲಿಂದ ಅವಳ ಕಡೆ ಸರಿಸಿದಳು.

"ಓದು ಅದನ್ನ. ಅವನು ಏನಂದ ಕೋರ್ಟಲ್ಲಿ, ಎಲ್ಲಾ ಓದು."

ಆರ್ವೆಲ್ಲಾ ಓದಿದಳು. ವಯಸ್ಸಿನ ಪ್ರಶ್ನೆ ಬಂತು, ಹತ್ತು ವರ್ಷದ ತಂದೆ ಬಂದ, ಎಲ್ಲಾ ಕೆಲಸವನ್ನೂ ಬೇಗ ಶುರು ಮಾಡುವವನು ಸ್ವಾಮಿ ಎಂಬಲ್ಲಿಗೆ ಬಂದಾಗ ಒಜೆಲ್ಲಾಳ ಹೊಟ್ಟೆ ಒಮ್ಮೆ ಕುಲುಕಿತು. ತುಟಿ ಬಿಗಿಹಿಡಿದಳು. ಮತ್ತೊಮ್ಮೆ ಕುಲುಕಿತು. "ಇನ್ನೊಂದ್ಸಲ ಓದು" ಅಂದಳು. ಇನ್ನೊಂದು ಸಲ ಓದುವಷ್ಟರಲ್ಲಿ ಇಬ್ಬರೂ ಮೇಜು ಹಿಡಿದುಕೊಂಡು, ಉಸಿರು ಸಿಗದೆ, ಕಣ್ಣಲ್ಲಿ ನೀರು ಸುರಿಸಿಕೊಂಡು ನಗುತ್ತಿದ್ದರು. "ಅಯ್ಯಯ್ಯೋ, ಜಡ್ಜನ ಮುಂದೆ! ಬಿಳೀ ಜಡ್ಜನ ಮುಂದೆ! ಮುಖದಲ್ಲಿ ಒಂದು ಗೆರೆನೂ ಅಲ್ಲಾಡ್ಸದೆ ಹೇಳಿರ್ಬೇಕು ಕಣೇ." ನಗು ನಿಂತ ಮೇಲೆ ಆರ್ವೆಲ್ಲಾ ಸಿಲ್ವಿಯ ಸಾಲನ್ನೂ ಓದಿದಳು. ಒಜೆಲ್ಲಾ ಕಿಟಕಿಯ ಕಡೆ ತಿರುಗಿಕೊಂಡು ಹಿತ್ತಲು ನೋಡಿದಳು. ತಮ್ಮನ ಹೆಂಡತಿ ಚರ್ಚಿನಲ್ಲಿ ಎದ್ದು ನಿಲ್ಲದೆ ಕೂತಿರುತ್ತಿದ್ದಾಗ ಒಂದೆರಡು ಸಾಲಿನ ಹಿಂದೆ ಒಜೆಲ್ಲಾಳೂ ಇರುತ್ತಿದ್ದಳಲ್ಲ, ಕಂಡಿರಲಿಲ್ಲವೇ. ಈಗ ಕ್ಷಮೆ ಕೇಳುತ್ತಾಳೇನೋ ಎಂದು ಆರ್ವೆಲ್ಲಾಗೆ ಒಂದು ಕ್ಷಣ ಭಯವೇ ಆಯಿತು. ಹಾಗೇನಾದರೂ ಆದರೆ ಎಲ್ಲಿ ನೋಡಬೇಕು, ಕೈ ಎಲ್ಲಿಟ್ಟುಕೊಳ್ಳಬೇಕು ಎಂದು ಅವಳಿಗೆ ತಿಳಿಯುತ್ತಿರಲಿಲ್ಲ. ಒಜೆಲ್ಲಾ ಹಾಗೆಲ್ಲ ಮಾಡುವ ಹೆಂಗಸಲ್ಲ.

"ನಾಳೆ ಇದನ್ನೆಲ್ಲ ನೀನೇ ಓದ್ಬೇಕು" ಅಂದಳು, ಎದ್ದು ಮೀನಿನ ತಟ್ಟೆ ಎತ್ತಿಕೊಳ್ಳುತ್ತಾ. "ನಂಗೆ ಓದೋಕಾಗಲ್ಲ, ಮಧ್ಯದಲ್ಲಿ ನಗು ಬಂದ್ಬಿಡುತ್ತೆ. ಯಾರಾದ್ರೂ ಮುಖ ಸಿಂಡರಿಸಿದ್ರೆ ನನ್ನ ಕಡೆ ಕಳ್ಸು, ನಾನು ವಿಚಾರಿಸ್ಕೋತೀನಿ. ಈಗ ಆ ಇನ್ನೊಂದು ತಟ್ಟೆ ಹಿಡ್ಕೊಂಡು ಬಾ. ನಿಂತ್ಕೊಂಡು ನೋಡ್ತಾ ಇರ್ಬೇಡ, ಎಣ್ಣೆ ಹೊಗೆಯಾಡ್ತಿದೆ."

ಇಬ್ಬರೂ ಹಿತ್ತಲಿಗೆ ಬಂದರು. ಬಾಣಲೆಯ ಹತ್ತಿರದ ಆರಾಮಕುರ್ಚಿಯಲ್ಲಿ ಡೆಟ್ರಾಯಿಟಿನಿಂದ ಬಂದಿದ್ದ ಸೋದರತ್ತೆ ಲೂವಿನಿಯಾ ಕೂತಿದ್ದಳು. ಒಜೆಲ್ಲಾಳ ಅಪ್ಪನ ಕೊನೆಯ ತಂಗಿ, ತೊಂಬತ್ತರ ಮುದುಕಿ. ಹರೆಯದಲ್ಲಿ ಉತ್ತರಕ್ಕೆ ಹೋದವಳು ಈ ಕೂಟಕ್ಕೆ ಬಂದದ್ದು ಇದೇ ಮೊದಲು. ಕಣ್ಣು ಮಂಜು ಮಂಜು. ತಟ್ಟೆ ಹಿಡಿದು ಪಕ್ಕದಲ್ಲಿ ಬಂದು ನಿಂತ ಆಕಾರದ ಕಡೆ ಅವಳು ಕೋಲು ಚಾಚಿದಳು.

"ಯಾರದು? ಯಾರ ಪೈಕಿ ನೀನು? ಯಾರ ಮಗಳು?"

ಈ ಪ್ರಶ್ನೆಗೆ ಆರ್ವೆಲ್ಲಾಳ ಹತ್ತಿರ ನಲವತ್ತು ವರ್ಷದ ಉತ್ತರ ಸಿದ್ಧವಾಗಿತ್ತು. ಡೆವಿಟನ ಹೆಂಡತಿ, ಎಂದು ಬಾಯಿ ತೆರೆದಳು. ಅಷ್ಟರಲ್ಲಿ ಬಾಣಲೆಯ ಆ ಕಡೆಯಿಂದ ಒಜೆಲ್ಲಾ, ಇಸ್ಪೀಟಾಡುವವರಿಗೆಲ್ಲ ಕೇಳಿಸುವ ಹಾಗೆ ಕೂಗಿದಳು:

"ಅವಳು ನನ್ನ ತಂಗಿ ಅತ್ತೆ!"

ಇಸ್ಪೀಟಿನ ಕೈಗಳು ಗಾಳಿಯಲ್ಲೇ ನಿಂತವು. ಮುದುಕಿ ಹುಬ್ಬು ಗಂಟಿಕ್ಕಿದಳು. "ಏ ಸುಳ್ಳಿ, ನಂಗೆ ಕಣ್ಣು ಹೋಗಿದೆ, ಬುದ್ಧಿ ಹೋಗಿಲ್ಲ. ನನ್ನಣ್ಣನಿಗೆ ನೀನೊಬ್ಬಳೇ ಹೆಣ್ಣು. ನೀನಾದ ಮೇಲೆ ಡೆವಿಟ್. ಅಲ್ಲಿಗೆ ಮುಗೀತು. ತಂಗಿ ಎಲ್ಲಿಂದ ಬಂದ್ಳು?"

ಒಜೆಲ್ಲಾ ಹಿಟ್ಟು ಮೆತ್ತಿದ ಬಲಗೈಯನ್ನು ಎಲ್ಲರಿಗೂ ಕಾಣುವ ಹಾಗೆ ಮೇಲೆತ್ತಿದಳು. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

"ಅವಳು ಎಲ್ಲದಕ್ಕೂ ತಡ ಅತ್ತೆ. ಹುಟ್ಟೋದಕ್ಕೂ ತಡ ಮಾಡಿದ್ಳು."

ಲೂವಿನಿಯಾ ಕೋಲು ಕೆಳಗಿಟ್ಟು ಕೈ ಮುಂದೆ ಚಾಚಿದಳು. ಆರ್ವೆಲ್ಲಾ ಬಗ್ಗಿದಳು. ಮುದುಕಿಯ ಒಣಗಿದ ಬೆರಳುಗಳು ಅವಳ ಗಲ್ಲ ಹಿಡಿದು, ಕೆನ್ನೆ ಮುಟ್ಟಿ, ಕಿವಿಯ ತನಕ ಹೋಗಿ ಬಂದವು. "ಹೂಂ," ಅಂದಳು ಕೊನೆಗೆ, ಯಾರದೋ ಮೇಲೆ ಸಿಟ್ಟಾದವಳ ಹಾಗೆ. "ಹೌದಲ್ವೇನೇ, ನಮ್ಮಣ್ಣನ ಗಲ್ಲವೇ. ಇಷ್ಟು ದಿನ ನಂಗ್ಯಾಕೆ ಯಾರೂ ಹೇಳ್ಲಿಲ್ಲ?"

ಒಜೆಲ್ಲಾ ಬಾಣಲೆಯ ಮೇಲೆ ಬಗ್ಗಿಕೊಂಡು ಮೊದಲ ಮೀನನ್ನು ಎಣ್ಣೆಗೆ ಬಿಟ್ಟಳು, ಅದು ದೊಡ್ಡ ಸದ್ದು ಮಾಡಿತು. ಆರ್ವೆಲ್ಲಾ ಮುದುಕಿಯ ಕೈಯೊಳಗೆ ಗಲ್ಲವನ್ನು ಹಾಗೇ ಬಿಟ್ಟುಕೊಂಡು, ಬಗ್ಗಿದ ಸೊಂಟ ನೋಯುವವರೆಗೂ ಏಳಲಿಲ್ಲ.